ಮನೆದೇವರು, ಕಂಪನಿ ಖಜಾನೆ: ಹಾಬಿ ಲಾಬಿಯ ಎರಡು ಕಡತಗಳು

ಅಮೆರಿಕದ ಕರಕುಶಲ ಸಾಮಾನಿನ ಸರಣಿ ಮಳಿಗೆಯಾದ ಹಾಬಿ ಲಾಬಿಯ ಅಂಗಡಿಗಳಲ್ಲಿ ಬಾರ್‌ಕೋಡ್ ಇಲ್ಲ. ಸಾಮಾನಿನ ಮೇಲೆ ಬೆಲೆಚೀಟಿ ಅಂಟಿಸಿರುತ್ತಾರೆ, ಗಲ್ಲಾದಲ್ಲಿರುವವರು ಒಂದೊಂದೇ ಅಂಕಿ ಒತ್ತಿ ಬಿಲ್ ಮಾಡುತ್ತಾರೆ. ಕೃತಕ ಹೂವು, ಮಣಿ, ದಾರ, ಬಟ್ಟೆ, ಚಿತ್ರದ ಚೌಕಟ್ಟು, ಮನೆ ಅಲಂಕಾರದ ಸಾಮಾನು ಇಲ್ಲಿಯ ಸರಕು. ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರಿಗೂ ಇದು ಅಪರಿಚಿತವಲ್ಲ. ವರಮಹಾಲಕ್ಷ್ಮಿ ಮಂಟಪಕ್ಕೋ ನಾಮಕರಣದ ಅಲಂಕಾರಕ್ಕೋ ಹೂವಿನ ಸರ ಹುಡುಕಿಕೊಂಡು ಭಾನುವಾರ ಹೋಗಿ, ಮುಚ್ಚಿದ ಬಾಗಿಲು ನೋಡಿ ವಾಪಸಾದವರು ಇದ್ದೇ ಇರುತ್ತಾರೆ.

ಡೇವಿಡ್ ಗ್ರೀನ್ 1970ರಲ್ಲಿ 600 ಡಾಲರ್ ಸಾಲ ಮಾಡಿ ಮನೆಯಲ್ಲೇ ಸಣ್ಣ ಚೌಕಟ್ಟು ತಯಾರಿಸಲು ಶುರುಮಾಡಿದರು. 1972ರಲ್ಲಿ ಓಕ್ಲಹೋಮಾ ಸಿಟಿಯಲ್ಲಿ 300 ಚದರ ಅಡಿಯ ಮೊದಲ ಅಂಗಡಿ ತೆರೆಯಿತು. ಇಂದು 900ಕ್ಕೂ ಹೆಚ್ಚು ಅಂಗಡಿಗಳಿವೆ. ಗ್ರೀನ್ ಅವರ ತಂದೆ ಪಾದ್ರಿ, ಕುಟುಂಬ ಬೈಬಲಿನ ಮಾತಿಗೆ ಕಟ್ಟುಬಿದ್ದ ಇವ್ಯಾಂಜೆಲಿಕಲ್ ಪಂಥದ ಕ್ರೈಸ್ತರದು. ಷೇರು ಮಾರುಕಟ್ಟೆಗೆ ಕಾಲಿಡದ ಕಂಪನಿಯ ಒಡೆತನ ಕುಟುಂಬದ ಟ್ರಸ್ಟ್‌ನಲ್ಲಿದೆ. ಟ್ರಸ್ಟಿಗಳಾಗುವವರು ವಿಶ್ವಾಸದ ಪ್ರತಿಜ್ಞೆಗೆ ಸಹಿ ಹಾಕಬೇಕು. ಸಾಮಾನು ಇಳಿಸಿ ಖಾಲಿ ಬರುವ ಲಾರಿಗಳಲ್ಲಿ ಬಿಯರ್ ಸಾಗಿಸಿದರೆ ಬಾಡಿಗೆ ಹುಟ್ಟುತ್ತದೆ, ಆದರೆ ಅದನ್ನೂ ಒಲ್ಲೆ ಎಂದವರು ಇವರು. ನಂಬಿಕೆಗಾಗಿ ದುಡ್ಡು ಬಿಟ್ಟ ಇಂಥ ದಾಖಲೆಗಳು ಮುಂದೆ ನ್ಯಾಯಾಲಯದಲ್ಲಿ ಭಾರಿ ಕೆಲಸಕ್ಕೆ ಬಂದವು.

ಈ ಅಂಗಡಿಯ ಸುತ್ತ ಎದ್ದ ಗದ್ದಲಗಳನ್ನು ಭಕ್ತರ ಹಟ ಎಂದೋ, ಭಕ್ತರ ಮೇಲಿನ ಹಗೆ ಎಂದೋ ಓದುವವರೇ ಹೆಚ್ಚು. ಕಡತ ಬಿಚ್ಚಿದರೆ ಎದ್ದು ಕಾಣುವ ಸಂಗತಿ ಇನ್ನೊಂದು: ಗ್ರೀನ್ ಮನೆಗೂ ಕಂಪನಿಗೂ ನಡುವೆ ಗೋಡೆಯೇ ಇರಲಿಲ್ಲ. ಗೋಡೆಯಿಲ್ಲ ಎಂದು ಸಾಬೀತು ಮಾಡಿದ್ದರಿಂದಲೇ ಒಂದು ಮೊಕದ್ದಮೆ ಗೆದ್ದರು. ಹೆಚ್ಚುಕಡಿಮೆ ಅದೇ ವರ್ಷಗಳಲ್ಲಿ, ಗೋಡೆಯಿಲ್ಲದ ಕಾರಣಕ್ಕೇ ಇನ್ನೊಂದರಲ್ಲಿ ಸಿಕ್ಕಿಬಿದ್ದರು.

ಮೊದಲ ಕಡತ: ನಾಲ್ಕು ಗರ್ಭನಿರೋಧಕಗಳು

2010ರ ಆರೋಗ್ಯ ವಿಮೆ ಕಾನೂನಿನಡಿ ದೊಡ್ಡ ಕಂಪನಿಗಳು ನೌಕರರಿಗೆ ಕೊಡುವ ವಿಮೆಯಲ್ಲಿ, ಅಮೆರಿಕದ ಔಷಧ ಆಡಳಿತ ಒಪ್ಪಿದ 20 ಬಗೆಯ ಗರ್ಭನಿರೋಧಕಗಳೂ ಸೇರಬೇಕು, ಅದಕ್ಕಾಗಿ ನೌಕರರ ಕೈಯಿಂದ ಏನೂ ಕೀಳಬಾರದು ಎಂಬ ನಿಯಮ ಬಂತು. ಹಾಬಿ ಲಾಬಿ 16ಕ್ಕೆ ತಕರಾರು ಮಾಡಲಿಲ್ಲ. ತಕರಾರು ಇದ್ದದ್ದು ನಾಲ್ಕಕ್ಕೆ: 'ಪ್ಲಾನ್ ಬಿ' ಮತ್ತು 'ಎಲ್ಲಾ' (Ella) ಎಂಬ ಹೆಸರಿನ ತುರ್ತು ಮಾತ್ರೆಗಳು, ಜೊತೆಗೆ ನಮ್ಮ ಹಳ್ಳಿಗಳಲ್ಲಿ ವಂಕಿ ಎನ್ನುವ ಸಾಧನದ ಎರಡು ಬಗೆ, ತಾಮ್ರದ್ದು ಮತ್ತು ಹಾರ್ಮೋನಿನದ್ದು. ಫಲಿತ ಅಂಡ ಗರ್ಭಕೋಶಕ್ಕೆ ಅಂಟದಂತೆ ಇವು ತಡೆಯಬಹುದು, ಅದು ಜೀವ ತೆಗೆದಂತೆ ಎಂಬುದು ಕುಟುಂಬದ ವಾದ. ವೈದ್ಯಶಾಸ್ತ್ರದ ಲೆಕ್ಕದಲ್ಲಿ ಅಂಡ ಅಂಟಿದ ಮೇಲೆಯೇ ಗರ್ಭ ನಿಲ್ಲುವುದು. ಹಾಗಾಗಿ ಇದನ್ನು ಗರ್ಭಪಾತ ಎನ್ನುವಂತಿಲ್ಲ ಎಂದು ವೈದ್ಯರ ಸಂಘಟನೆಗಳು ಹೇಳಿದವು. ನ್ಯಾಯಾಲಯ ಈ ಜಗಳಕ್ಕೆ ಇಳಿಯಲೇ ಇಲ್ಲ. ನಂಬಿಕೆ ಪ್ರಾಮಾಣಿಕವೇ ಎಂದಷ್ಟೇ ನೋಡಿತು, ವಿಜ್ಞಾನಕ್ಕೆ ಒಪ್ಪುತ್ತದೆಯೇ ಎಂದು ಕೇಳಲಿಲ್ಲ. ಇಡೀ ಪ್ರಕರಣದಲ್ಲಿ ಓದುಗರು ಹೆಚ್ಚಾಗಿ ತಪ್ಪಿ ಹೋಗುವ ತಿರುವು ಇದೇ.

ಕಂಪನಿಯ ವಿಮೆ ಹೊರಗಿನ ವಿಮಾ ಸಂಸ್ಥೆಯಿಂದ ಕೊಂಡದ್ದಲ್ಲ. ನೌಕರರ ಆಸ್ಪತ್ರೆ ಬಿಲ್ಲನ್ನು ಕಂಪನಿಯೇ ತನ್ನ ದುಡ್ಡಿನಿಂದ ತುಂಬುತ್ತಿತ್ತು, ಕಾಗದಪತ್ರ ನೋಡಿಕೊಳ್ಳಲು ಮಾತ್ರ ಹೊರಗಿನವರಿದ್ದರು. ನಮ್ಮ ಗಲ್ಲಾದಿಂದಲೇ ಆ ಮಾತ್ರೆಗೆ ದುಡ್ಡು ಹೋಗುತ್ತದೆ ಎಂಬ ಮಾತಿಗೆ ಇದರಿಂದ ತೂಕ ಬಂತು.

ದಂಡದ ಲೆಕ್ಕ ಹೀಗಿತ್ತು. ವಿಮೆ ಇದ್ದೂ ಆ ನಾಲ್ಕನ್ನು ಬಿಟ್ಟರೆ ತಲೆಗೆ ದಿನಕ್ಕೆ 100 ಡಾಲರ್. ಸುಮಾರು 13,000 ನೌಕರರು, 365 ದಿನ: ವರ್ಷಕ್ಕೆ 47.5 ಕೋಟಿ ಡಾಲರ್ ಹತ್ತಿರ. ವಿಮೆಯನ್ನೇ ಪೂರ್ತಿ ನಿಲ್ಲಿಸಿಬಿಟ್ಟರೆ ತಲೆಗೆ ವರ್ಷಕ್ಕೆ 2,000 ಡಾಲರ್, ಅಂದರೆ ಸುಮಾರು 2.6 ಕೋಟಿ. ನಾಲ್ಕು ಸಾಧನ ಬಿಟ್ಟು ಉಳಿದೆಲ್ಲ ಚಿಕಿತ್ಸೆ ಕೊಡುವವನಿಗೆ, ಏನೂ ಕೊಡದವನಿಗಿಂತ ಹದಿನೆಂಟು ಪಟ್ಟು ದಂಡ! ಸರ್ಕಾರದ ವಕೀಲರಿಗೆ ಈ ಅಂಕಿ ಕೊನೆಯವರೆಗೂ ಗಂಟಲಲ್ಲಿ ಸಿಕ್ಕ ಮುಳ್ಳು.

2012ರ ಸೆಪ್ಟೆಂಬರ್ 12ರಂದು ಓಕ್ಲಹೋಮಾದ ಫೆಡರಲ್ ನ್ಯಾಯಾಲಯದಲ್ಲಿ ದಾವೆ ಹೂಡಿದರು. ನವೆಂಬರಿನಲ್ಲಿ ತಡೆಯಾಜ್ಞೆ ನಿರಾಕರಣೆ. ಮೇಲ್ಮನವಿ ನ್ಯಾಯಾಲಯದಲ್ಲೂ ಇಲ್ಲ. ಡಿಸೆಂಬರ್ 26ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಸೋಟೊಮೇಯರ್ ಕೂಡ ಇಲ್ಲ ಎಂದರು. ಜನವರಿ 1ಕ್ಕೆ ವಿಮೆಯ ಹೊಸ ವರ್ಷ ಶುರುವಾಗಿ ದಂಡ ಓಡಲು ತೊಡಗಬೇಕು. ಆಗ ಕಂಪನಿ ವಿಮಾ ವರ್ಷದ ಆರಂಭವನ್ನೇ ಜುಲೈ 1ಕ್ಕೆ ತಳ್ಳಿ ಆರು ತಿಂಗಳು ಗಳಿಸಿತು. ಜೂನ್ 27ರಂದು, ಗಡುವಿಗೆ ನಾಲ್ಕು ದಿನ ಉಳಿದಿರುವಾಗ, ಹತ್ತನೇ ಸರ್ಕಿಟ್ ಎಂಬ ಆ ಮೇಲ್ಮನವಿ ನ್ಯಾಯಾಲಯದ ಪೂರ್ಣಪೀಠ ಕಂಪನಿಯ ಪರ ನಿಂತಿತು. ಲೆಕ್ಕಪತ್ರ ವಿಭಾಗದ ಒಂದು ತಾರೀಖು ಬದಲಾವಣೆ ಇಷ್ಟು ದೊಡ್ಡ ಮೊಕದ್ದಮೆಯನ್ನು ಜೀವಂತ ಇಟ್ಟಿತು.

ವಾದದ ಬುನಾದಿ ಧಾರ್ಮಿಕ ಸ್ವಾತಂತ್ರ್ಯವನ್ನು ಮರುಸ್ಥಾಪಿಸಲು 1993ರಲ್ಲಿ ಮಾಡಿದ ಕಾಯ್ದೆ. ಅದು ಹುಟ್ಟಿದ್ದು ವ್ಯಾಪಾರಿಗಳಿಗಾಗಿ ಅಲ್ಲ. ಮೂಲನಿವಾಸಿಗಳ ಪೂಜೆಯಲ್ಲಿ ಬಳಸುವ ಪೆಯೋಟಿ ಎಂಬ ಕಳ್ಳಿ ತಿಂದು ಕೆಲಸ ಕಳೆದುಕೊಂಡವರಿಗೆ ನಿರುದ್ಯೋಗ ಭತ್ಯೆ ಇಲ್ಲ ಎಂದು ಸುಪ್ರೀಂ ಕೋರ್ಟ್ 1990ರಲ್ಲಿ ಹೇಳಿದ್ದಕ್ಕೆ ಸಂಸತ್ತು ಕೊಟ್ಟ ಉತ್ತರ ಅದು. ಸರ್ಕಾರದ ನಿಯಮ 'ವ್ಯಕ್ತಿ'ಯ ಧರ್ಮಾಚರಣೆಗೆ ಗಣನೀಯ ಹೊರೆಯಾದರೆ, ಆ ನಿಯಮದ ಹಿಂದೆ ಬಲವಾದ ಉದ್ದೇಶವಿದೆ ಎಂದು ಸರ್ಕಾರ ತೋರಿಸಬೇಕು. ಅದನ್ನು ಸಾಧಿಸಲು ಇದಕ್ಕಿಂತ ಹಗುರಾದ ದಾರಿ ಇಲ್ಲ ಎಂದೂ ತೋರಿಸಬೇಕು.

ಕಂಪನಿ 'ವ್ಯಕ್ತಿ'ಯೇ? ಕನ್ನಡದ ಓದುಗರಿಗೆ ಈ ಪ್ರಶ್ನೆ ಅಷ್ಟು ವಿಚಿತ್ರ ಅನಿಸಬೇಕಿಲ್ಲ. ನಮ್ಮಲ್ಲಿ ದೇವರೇ ಕಾನೂನಿನ ಕಣ್ಣಿಗೆ ವ್ಯಕ್ತಿ, ಪಹಣಿಯಲ್ಲಿ ಜಮೀನು ದೇವರ ಹೆಸರಿನಲ್ಲೇ ಇರುತ್ತದೆ. ದೇವರಿಗೆ ಆಸ್ತಿ ಇರುವುದು ಒಂದು ಮಾತು. ಆಸ್ತಿಗೆ, ಅಂದರೆ ಕಂಪನಿಗೆ, ದೇವರಿರಬಹುದೇ ಎನ್ನುವುದು ಅದರ ತಿರುಗುಮುರುಗು.

2014ರ ಜೂನ್ 30ರಂದು ಸುಪ್ರೀಂ ಕೋರ್ಟಿನ ತೀರ್ಪು, 5–4. ಕೆಲವೇ ಜನರ ಹಿಡಿತದಲ್ಲಿರುವ ಖಾಸಗಿ ಕಂಪನಿ ಈ ಕಾಯ್ದೆಯ ಆಸರೆ ಪಡೆಯಬಹುದು ಎಂದು ಬಹುಮತದ ಪರವಾಗಿ ನ್ಯಾಯಮೂರ್ತಿ ಅಲಿಟೊ ಬರೆದರು. ಪೆನ್ಸಿಲ್ವೇನಿಯಾದ ಮೆನ್ನೊನೈಟ್ ಎಂಬ ಕ್ರೈಸ್ತ ಪಂಥದ ಕುಟುಂಬವೊಂದರ ಮರಗೆಲಸದ ಕಂಪನಿ ಕಾನೆಸ್ಟೋಗಾ ವುಡ್ ಹೂಡಿದ್ದ ದಾವೆಯೂ ಇದರ ಜೊತೆಗೇ ತೀರ್ಮಾನವಾಯಿತು. ಸರ್ಕಾರ ಸೋತದ್ದು ಕೊನೆಯ ಮೆಟ್ಟಿಲಲ್ಲಿ, ಹಗುರಾದ ದಾರಿಯ ಪ್ರಶ್ನೆಯಲ್ಲಿ. ಧಾರ್ಮಿಕ ಸೇವಾಸಂಸ್ಥೆಗಳಿಗೆ ಅದಾಗಲೇ ಒಂದು ರಿಯಾಯಿತಿ ಕೊಟ್ಟಿತ್ತು: ಸಂಸ್ಥೆ ತಕರಾರು ಬರೆದುಕೊಟ್ಟರೆ ಸಾಕು, ಖರ್ಚನ್ನು ವಿಮೆಯವರು ಬೇರೆಯಾಗಿ ನೋಡಿಕೊಳ್ಳುತ್ತಿದ್ದರು. ಹಗುರಾದ ದಾರಿಯನ್ನು ಸರ್ಕಾರವೇ ಕಟ್ಟಿಟ್ಟುಕೊಂಡಿರುವಾಗ ಬೇರೆ ದಾರಿ ಇಲ್ಲ ಎನ್ನುವುದು ಹೇಗೆ?

ನ್ಯಾಯಮೂರ್ತಿ ಗಿನ್ಸ್‌ಬರ್ಗ್ ಭಿನ್ನಮತದಲ್ಲಿ ಬೆಲೆಯ ಮಾತೆತ್ತಿದರು. ಒಂದು ವಂಕಿಗೆ ತಗಲುವ ವೆಚ್ಚ, ಕನಿಷ್ಠ ಕೂಲಿಯ ನೌಕರಳ ಹತ್ತಿರ ಹತ್ತಿರ ಒಂದು ತಿಂಗಳ ದುಡಿಮೆ. ಇಂದು ಗರ್ಭನಿರೋಧಕ ಆದರೆ ನಾಳೆ ಲಸಿಕೆ, ರೋಗಿಗೆ ರಕ್ತ ಏರಿಸುವುದು ಏಕಾಗಬಾರದು ಎಂದೂ ಕೇಳಿದರು. ಈ ತೀರ್ಪು ಗರ್ಭನಿರೋಧಕ ನಿಯಮಕ್ಕಷ್ಟೇ ಎಂದು ಅಲಿಟೊ ಬೇಲಿ ಹಾಕಿದ್ದರು.

ಟೀಕಾಕಾರರ ಕೈಗೆ ಎರಡು ಹಿಡಿ ಸಿಕ್ಕಿದ್ದವು. ಒಂದು ದಾವೆಯ ಅರ್ಜಿಯಲ್ಲೇ ಇದೆ: ನಿಯಮದ ವಿವಾದ ಕೇಳಿ ತನ್ನ ವಿಮೆಯನ್ನು ಮರುಪರಿಶೀಲಿಸಿದಾಗ, ಆ ಎರಡು ಮಾತ್ರೆಗಳು ಅದುವರೆಗೂ ಪಟ್ಟಿಯಲ್ಲಿ ಇದ್ದದ್ದು ಕಂಪನಿಗೆ ಗೊತ್ತಾಯಿತು, ಕೂಡಲೇ ತೆಗೆಯಿತು. ಇನ್ನೊಂದು 2014ರಲ್ಲಿ ಪತ್ರಿಕೆಯೊಂದು ತೋರಿಸಿದ್ದು: ನೌಕರರ ನಿವೃತ್ತಿ ನಿಧಿ ಹೂಡಿದ್ದ ಮ್ಯೂಚುವಲ್ ಫಂಡ್‌ಗಳಲ್ಲಿ ಗರ್ಭನಿರೋಧಕ ತಯಾರಿಸುವ ಕಂಪನಿಗಳ ಷೇರು ಇದ್ದವು. ಬೂಟಾಟಿಕೆ ಎಂದರು. ನಮಗೆ ಇದು ಬೂಟಾಟಿಕೆಗಿಂತ ನಿರ್ಲಕ್ಷ್ಯವಾಗಿ ಕಾಣುತ್ತದೆ. ತಮ್ಮ ಕಡತವನ್ನೇ ಸರಿಯಾಗಿ ಓದದ ಅಭ್ಯಾಸ. ಅದೇ ಅಭ್ಯಾಸ ಎರಡನೇ ಕಡತದಲ್ಲಿ ಮತ್ತೆ ಕಾಣುತ್ತದೆ, ಅಲ್ಲಿ ಅದರ ಬೆಲೆ ಹೆಚ್ಚು.

ತೀರ್ಪಿನಿಂದ ನೌಕರರಿಗೆ ಆದದ್ದೇನು? ಗೆದ್ದ ಕಂಪನಿಗಳ ನೌಕರರಿಗೂ ಖರ್ಚಿಲ್ಲದೆ ಸೌಲಭ್ಯ ಮುಟ್ಟಿಸಲು ಆ ರಿಯಾಯಿತಿಯನ್ನು ಖಾಸಗಿ ಕಂಪನಿಗಳಿಗೂ ವಿಸ್ತರಿಸಿದ ನಿಯಮ ಬಂದದ್ದು 2015ರ ಜುಲೈನಲ್ಲಿ. ತೀರ್ಪಿಗೂ ಅದಕ್ಕೂ ನಡುವೆ ಒಂದು ವರ್ಷ. 2018ರಲ್ಲಿ ಬೇರೆ ಸರ್ಕಾರ ವಿನಾಯಿತಿಯನ್ನು ಇನ್ನೂ ಅಗಲ ಮಾಡಿತು, 2020ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು.

ಎರಡನೇ ಕಡತ: 'ಮಣ್ಣಿನ ಬಿಲ್ಲೆ, ಮಾದರಿ'

2009ರಲ್ಲಿ ಡೇವಿಡ್ ಅವರ ಮಗ, ಕಂಪನಿಯ ಅಧ್ಯಕ್ಷ ಸ್ಟೀವ್ ಗ್ರೀನ್, ಬೈಬಲ್ ಕಾಲದ ವಸ್ತುಗಳನ್ನು ಕೂಡಿಹಾಕತೊಡಗಿದರು. ವಾಷಿಂಗ್ಟನ್‌ನಲ್ಲಿ ಬೈಬಲ್ ವಸ್ತುಸಂಗ್ರಹಾಲಯ ಕಟ್ಟುವ ಕನಸು. 2017ರ ನವೆಂಬರಿನಲ್ಲಿ ಅದು ತೆರೆಯಿತು. 4,30,000 ಚದರ ಅಡಿ, ವೆಚ್ಚ ಸುಮಾರು 50 ಕೋಟಿ ಡಾಲರ್. ವಸ್ತುಗಳನ್ನು ಕೊಳ್ಳುತ್ತಿದ್ದದ್ದು ಮಾತ್ರ ಅಂಗಡಿ ಕಂಪನಿಯ ಹೆಸರಿನಲ್ಲಿ.

2010ರ ಜುಲೈನಲ್ಲಿ ಸ್ಟೀವ್ ಗ್ರೀನ್ ಮತ್ತು ಸಲಹೆಗಾರರೊಬ್ಬರು ಸಂಯುಕ್ತ ಅರಬ್ ಎಮಿರೇಟ್ಸ್‌ಗೆ ಹೋಗಿ 5,500ಕ್ಕೂ ಹೆಚ್ಚು ವಸ್ತುಗಳನ್ನು ನೋಡಿದರು. ಬೆಣೆಯಾಕಾರದ ಕ್ಯೂನಿಫಾರ್ಮ್ ಲಿಪಿಯ ಮಣ್ಣಿನ ಫಲಕಗಳು, ಒದ್ದೆ ಮಣ್ಣಿನ ಮೇಲೆ ಉರುಳಿಸಿ ಅಚ್ಚೊತ್ತುವ ಉರುಳೆ ಮುದ್ರೆಗಳು, ಅಚ್ಚು ಬಿದ್ದ ಮಣ್ಣಿನ ಮುದ್ರೆಬಿಲ್ಲೆಗಳು. ಅವುಗಳನ್ನು ಇಟ್ಟಿದ್ದ ರೀತಿ ನೋಡಿ: ಕೆಲವು ನೆಲದ ಮೇಲೆ ಹರಡಿದ್ದವು, ಕೆಲವು ಕಾಫಿ ಮೇಜಿನ ಮೇಲೆ ಒಂದರ ಮೇಲೊಂದು, ಉಳಿದವು ರಟ್ಟಿನ ಪೆಟ್ಟಿಗೆಯಲ್ಲಿ, ನಡುವೆ ಮೆತ್ತೆಯೂ ಇಲ್ಲದೆ. ನಾಲ್ಕು ಸಾವಿರ ವರ್ಷ ಹಳೆಯ ಹಸಿಮಣ್ಣಿನ ಫಲಕವನ್ನು ಕಾಪಾಡಿಕೊಂಡು ಬಂದ ಮನೆತನ ಹೀಗೆ ಇಡುವುದಿಲ್ಲ.

ಅದೇ ಅಕ್ಟೋಬರಿನಲ್ಲಿ, ಕಂಪನಿ ತಾನೇ ಗೊತ್ತುಮಾಡಿದ್ದ ಸಾಂಸ್ಕೃತಿಕ ಆಸ್ತಿ ಕಾನೂನಿನ ತಜ್ಞೆ ಬರವಣಿಗೆಯಲ್ಲಿ ಎಚ್ಚರಿಕೆ ಕೊಟ್ಟರು. 1990ರ ದಶಕದ ಆರಂಭದಿಂದ ಇರಾಕಿನಲ್ಲಿ ಎರಡರಿಂದ ಐದು ಲಕ್ಷ ವಸ್ತುಗಳು ಲೂಟಿಯಾಗಿವೆ ಎಂಬ ಅಂದಾಜಿದೆ, ಅದರಲ್ಲೂ ಉರುಳೆ ಮುದ್ರೆ ಮತ್ತು ಫಲಕಗಳ ಬಗ್ಗೆ ಹುಷಾರು. ಯಾರ ಕೈಯಿಂದ ಯಾರ ಕೈಗೆ ಬಂತೆಂದು ತೋರಿಸಲಾಗದ ವಸ್ತು ಲೂಟಿಯ ಮಾಲಾಗಿರಬಹುದು. ಮೂಲ ದೇಶವನ್ನು ತಪ್ಪಾಗಿ ಬರೆದರೆ ಮುಟ್ಟುಗೋಲು. ಡಿಸೆಂಬರಿನಲ್ಲಿ ಕಂಪನಿ 16 ಲಕ್ಷ ಡಾಲರಿಗೆ ಖರೀದಿ ಕರಾರು ಮಾಡಿಕೊಂಡಿತು.

ಇಲ್ಲಿಂದ ಮುಂದೆ ತಪ್ಪುಗಳ ಸರಮಾಲೆ. ಮಾಲೀಕ ಎನ್ನಲಾದ ವ್ಯಾಪಾರಿಯನ್ನು ಕಂಪನಿಯವರು ಭೇಟಿಯಾಗಲೂ ಇಲ್ಲ, ಅವನಿಗೆ ಹಣ ಕೊಡಲೂ ಇಲ್ಲ. ಇನ್ನೊಬ್ಬ ವ್ಯಾಪಾರಿ ಹೇಳಿದಂತೆ ಬೇರೆಬೇರೆಯವರ ಏಳು ಖಾಸಗಿ ಖಾತೆಗಳಿಗೆ ದುಡ್ಡು ಹೋಯಿತು. ಮೊದಲು ವಸ್ತುಗಳು ಎಲ್ಲಿದ್ದವು ಎಂಬುದಕ್ಕೆ ಒಂದಕ್ಕೊಂದು ಹೊಂದದ ವಿವರಗಳು ಬಂದಿದ್ದವು. ಪಾರ್ಸೆಲ್‌ಗಳು ಓಕ್ಲಹೋಮಾ ಸಿಟಿಯಲ್ಲಿದ್ದ ಕಂಪನಿಯ ಮೂರು ಬೇರೆ ವಿಳಾಸಗಳಿಗೆ ಬಂದವು. ಮೇಲಿನ ಚೀಟಿಯಲ್ಲಿ 'ಸೆರಾಮಿಕ್ ಬಿಲ್ಲೆ', 'ಮಣ್ಣಿನ ಬಿಲ್ಲೆ, ಮಾದರಿ' ಎಂದು, ಅಂದರೆ ನೆಲಕ್ಕೋ ಗೋಡೆಗೋ ಹಾಕುವ ಟೈಲ್ ಎಂದು ಬರೆದಿತ್ತು. ಕಸ್ಟಮ್ಸ್ ಹಿಡಿದ ಐದು ಪಾರ್ಸೆಲ್‌ಗಳ ಮೇಲೆ ಮೂಲ ದೇಶ ಟರ್ಕಿ. 2011ರ ಸೆಪ್ಟೆಂಬರಿನಲ್ಲಿ ಇಸ್ರೇಲಿ ವ್ಯಾಪಾರಿಯಿಂದ ಬಂದ ಸುಮಾರು 1,000 ಮುದ್ರೆಬಿಲ್ಲೆಗಳ ಪಾರ್ಸೆಲ್‌ನಲ್ಲಿ ಇಸ್ರೇಲ್.

ಆಮದು ವ್ಯವಹಾರ ಬಲ್ಲವರು ಇಲ್ಲಿ ಒಂದು ಕ್ಷಣ ನಿಲ್ಲುತ್ತಾರೆ. ಮೂಲ ದೇಶ ಅಂದರೆ ಪಾರ್ಸೆಲ್ ಹೊರಟ ಊರಲ್ಲ, ವಸ್ತು ಹುಟ್ಟಿದ ಊರು. ನೂರು ವರ್ಷಕ್ಕಿಂತ ಹಳೆಯ ವಸ್ತುಗಳಿಗೆ ಅಮೆರಿಕದಲ್ಲಿ ಆಮದು ಸುಂಕವೇ ಇಲ್ಲ. ಹಾಗಾದರೆ 'ಬಿಲ್ಲೆ' ಎಂದು ಬರೆದದ್ದರಿಂದ ಒಂದು ಡಾಲರ್ ಸುಂಕವೂ ಉಳಿಯುವುದಿಲ್ಲ. ಆ ಚೀಟಿಯಿಂದ ಮುಚ್ಚಿಡಬಹುದಾದದ್ದು ಇರಾಕ್ ಎಂಬ ಹೆಸರೊಂದನ್ನೇ. ಇರಾಕಿನ ಪ್ರಾಚ್ಯವಸ್ತುಗಳು ಅಲ್ಲಿನ ಕಾನೂನಿನಂತೆ ಸರ್ಕಾರದ ಸ್ವತ್ತು. 1990ರ ಆಗಸ್ಟ್ 6ರ ನಂತರ ಅಕ್ರಮವಾಗಿ ಹೊರಬಂದವುಗಳ ಆಮದಿಗೆ ಅಮೆರಿಕದಲ್ಲೂ ನಿರ್ಬಂಧವಿತ್ತು.

ವರ್ಷಪೂರ್ತಿ ಹೊರದೇಶದ ಸರಕು ತರಿಸುವ ಕಂಪನಿಗೆ ಕಸ್ಟಮ್ಸ್ ಚೀಟಿ ತುಂಬುವುದು ಗೊತ್ತಿಲ್ಲದ ವಿದ್ಯೆಯಲ್ಲ. ಆದರೆ ಅಧ್ಯಕ್ಷರ ಸಂಗ್ರಹ ಎಂದರೆ ಮನೆಯ ಕೆಲಸ. ಮನೆಯ ಕೆಲಸವನ್ನು ಅಂಗಡಿಯ ಲೆಕ್ಕಪರಿಶೋಧನೆಯ ಕಣ್ಣಿಂದ ನೋಡುವವರು ಯಾರು? ತಜ್ಞೆಯ ಪತ್ರ ಕಡತದಲ್ಲಿ ಉಳಿಯಿತು, ಪಾರ್ಸೆಲ್‌ಗಳು ಬರುತ್ತಲೇ ಇದ್ದವು.

2017ರ ಜುಲೈ 5ರಂದು ನ್ಯೂಯಾರ್ಕ್‌ನ ಪೂರ್ವ ಜಿಲ್ಲೆಯ ಫೆಡರಲ್ ವಕೀಲರು ಸಿವಿಲ್ ಮುಟ್ಟುಗೋಲಿನ ದಾವೆ ಹೂಡಿದರು. ಇಂಥ ದಾವೆಯಲ್ಲಿ ಪ್ರತಿವಾದಿ ಮನುಷ್ಯನಲ್ಲ, ವಸ್ತುವೇ. ಶೀರ್ಷಿಕೆಯಲ್ಲೇ ಅಮೆರಿಕ ಸಂಯುಕ್ತ ಸಂಸ್ಥಾನದ ಎದುರಾಳಿ ಸುಮಾರು 450 ಫಲಕಗಳು ಮತ್ತು ಸುಮಾರು 3,000 ಮುದ್ರೆಬಿಲ್ಲೆಗಳು. ಕಂಪನಿ ರಾಜಿಗೆ ಒಪ್ಪಿತು: ಅವನ್ನೆಲ್ಲ ಬಿಟ್ಟುಕೊಡುವುದು, ಇನ್ನೂ 144 ಉರುಳೆ ಮುದ್ರೆ ಸೇರಿಸುವುದು, 30 ಲಕ್ಷ ಡಾಲರ್ ಕಟ್ಟುವುದು. ಅದರ ಜೊತೆ ಖರೀದಿಗೆ ಲಿಖಿತ ನೀತಿ, ಸಿಬ್ಬಂದಿಗೆ ತರಬೇತಿ, ಅರ್ಹ ಹೊರಗಿನ ಕಸ್ಟಮ್ಸ್ ವಕೀಲರ ನೇಮಕ, 18 ತಿಂಗಳ ಕಾಲ ಮೂರು ತಿಂಗಳಿಗೊಮ್ಮೆ ವರದಿ. ಮನೆಗೂ ಕಂಪನಿಗೂ ನಡುವೆ ಇಲ್ಲದ ಗೋಡೆಯನ್ನು ಸರ್ಕಾರ ಕಟ್ಟಿಸಿತು ಎನ್ನಬಹುದು. ಯಾರ ಮೇಲೂ ಕ್ರಿಮಿನಲ್ ಮೊಕದ್ದಮೆ ಆಗಲಿಲ್ಲ. ಈ ಕ್ಷೇತ್ರಕ್ಕೆ ಹೊಸಬರಾಗಿದ್ದೆವು, ಹೆಚ್ಚು ಎಚ್ಚರ ವಹಿಸಬೇಕಿತ್ತು ಎಂದು ಕಂಪನಿ ಹೇಳಿಕೊಂಡಿತು. ಹೊಸಬರಿಗಾಗಿಯೇ ಅಲ್ಲವೇ ತಜ್ಞೆ ಆ ಪತ್ರ ಬರೆದದ್ದು?

ಅದೇ ಬುಟ್ಟಿಯ ಇನ್ನಷ್ಟು

ಪ್ರಾಚೀನ ಮೆಸೊಪೊಟೇಮಿಯಾದ ಗಿಲ್ಗಮೆಶ್ ಕಾವ್ಯದ ಕನಸಿನ ಭಾಗವಿರುವ, ಸುಮಾರು 15 ಸೆಂ.ಮೀ. ಉದ್ದ 12 ಸೆಂ.ಮೀ. ಅಗಲದ ಫಲಕವನ್ನು 2014ರಲ್ಲಿ ಹರಾಜು ಸಂಸ್ಥೆ ಕ್ರಿಸ್ಟೀಸ್ ಮೂಲಕ 16,74,000 ಡಾಲರಿಗೆ ಕೊಂಡರು. ಇದೇ ಫಲಕ 2007ರಲ್ಲಿ ಕೈಬದಲಾದದ್ದು 50,000 ಡಾಲರಿಗೆ. ನಡುವೆ ಸೇರಿಕೊಂಡದ್ದು ಒಂದು ಸುಳ್ಳು ಪೂರ್ವಾಪರ ಪತ್ರ: 1981ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಹರಾಜಿನಲ್ಲಿ, ಹಳೆ ಕಂಚಿನ ಚೂರುಗಳ ಪೆಟ್ಟಿಗೆಯೊಳಗೆ ಸಿಕ್ಕಿತ್ತಂತೆ. ಎಷ್ಟೋ ವರ್ಷ ಹಿಂದಿನ ತಾರೀಖು, ಸಾಮಾನಿನ ವಿವರ ಮಸುಕು: ಸುಳ್ಳು ಪತ್ರಗಳ ಮಾಮೂಲು ಲಕ್ಷಣ ಇದು. ಪತ್ರದಲ್ಲಿ ಹೇಳಿದ ಹರಾಜಿನ ಮುದ್ರಿತ ಪಟ್ಟಿ ತರಿಸಿ, ಆ ಪೆಟ್ಟಿಗೆಯ ವಿವರದಲ್ಲಿ ಮಣ್ಣಿನ ಫಲಕದ ಮಾತು ಇದೆಯೇ ಎಂದು ನೋಡುವುದು ಕೊಳ್ಳುವವರು ಮಾಡಬೇಕಾದ ಮೊದಲ ಕೆಲಸ. 2019ರಲ್ಲಿ ವಸ್ತುಸಂಗ್ರಹಾಲಯದಿಂದ ಫಲಕವನ್ನು ವಶಕ್ಕೆ ಪಡೆದರು, 2021ರ ಸೆಪ್ಟೆಂಬರಿನಲ್ಲಿ ಇರಾಕಿಗೆ ಒಪ್ಪಿಸಿದರು. ಹಾಬಿ ಲಾಬಿ ಕ್ರಿಸ್ಟೀಸ್ ಮೇಲೆ ದಾವೆ ಹೂಡಿತು.

ಬೈಬಲಿನ ಅತಿ ಹಳೆಯ ಹಸ್ತಪ್ರತಿಗಳಿರುವ ಮೃತ ಸಮುದ್ರದ ಸುರುಳಿಗಳ ಚೂರುಗಳೆಂದು ವಸ್ತುಸಂಗ್ರಹಾಲಯದಲ್ಲಿ ಇಟ್ಟಿದ್ದ 16ಕ್ಕೆ 16 ನಕಲಿ ಎಂದು 2020ರಲ್ಲಿ ಹೊರಗಿನ ಪರೀಕ್ಷಕರು ವರದಿ ಕೊಟ್ಟರು. ಮಾಡಿದವನು ಚುರುಕಿನವನು: ಹೊಸ ಚರ್ಮ ಬಳಸಿರಲಿಲ್ಲ, ಹಳೆಯದನ್ನೇ ಹುಡುಕಿದ್ದ. ಆದರೆ ಅದು ಬರಹಕ್ಕೆ ಹದ ಮಾಡಿದ ತೆಳು ಚರ್ಮವಾಗಿರದೆ, ಪಾದರಕ್ಷೆಯಂಥದ್ದರಿಂದ ಬಂದಿರಬಹುದಾದ ದಪ್ಪ ತೊಗಲಾಗಿತ್ತು. ಮೇಲೆ ಪ್ರಾಣಿ ಅಂಟು ಬಳಿದು ಹಳೆಯ ಹೊಳಪು ತಂದಿದ್ದ. ಸೂಕ್ಷ್ಮದರ್ಶಕದಲ್ಲಿ ಶಾಯಿ ಬಿರುಕುಗಳೊಳಗೆ ಇಳಿದು ನಿಂತದ್ದು ಕಂಡಿತು. ಬರೆದ ಮೇಲೆ ಬಿರುಕು ಬಿಟ್ಟಿದ್ದರೆ ಶಾಯಿಯೂ ಜೊತೆಗೇ ಒಡೆಯಬೇಕಿತ್ತು. ಈ ವರದಿಯನ್ನು ಬಚ್ಚಿಡದೆ ಪ್ರಕಟಿಸಿದ್ದು ವಸ್ತುಸಂಗ್ರಹಾಲಯವೇ ಎಂಬುದನ್ನೂ ಹೇಳಬೇಕು.

ಪಪೈರಸ್ ಹಾಳೆಗಳದ್ದು ಬೇರೆ ದುರಂತ. ಆಕ್ಸ್‌ಫರ್ಡ್‌ನ ವಿದ್ವಾಂಸರೊಬ್ಬರಿಂದ 2010ರಿಂದ 2013ರವರೆಗೆ ಏಳು ಖಾಸಗಿ ವ್ಯವಹಾರಗಳಲ್ಲಿ 70,95,100 ಡಾಲರ್ ಕೊಟ್ಟು ಕೊಂಡೆವು, ಅವುಗಳಲ್ಲಿ ಹಲವು ಲಂಡನ್ನಿನ ಈಜಿಪ್ಟ್ ಎಕ್ಸ್‌ಪ್ಲೊರೇಷನ್ ಸೊಸೈಟಿಗೆ ಸೇರಿದ ಕದ್ದ ಮಾಲು ಎಂದು 2021ರ ದಾವೆಯಲ್ಲಿ ಕಂಪನಿ ಆರೋಪಿಸಿತು. ವಿದ್ವಾಂಸರು ಕಳವಿನ ಆರೋಪವನ್ನು ನಿರಾಕರಿಸಿದ್ದರು. ಇಲ್ಲಿ ಕಂಪನಿಯೇ ಮೋಸಹೋದ ಪಕ್ಷ.

ಸಣ್ಣ ಗದ್ದಲಗಳಿಗೆ ಇಲ್ಲಿ ಹೆಚ್ಚು ಜಾಗ ಬೇಡ. 2013ರಲ್ಲಿ ನ್ಯೂಜೆರ್ಸಿಯ ಅಂಗಡಿಯಲ್ಲಿ ಯಹೂದಿ ಹಬ್ಬದ ಸಾಮಾನು ಕೇಳಿದವರಿಗೆ ಒರಟು ಉತ್ತರ ಸಿಕ್ಕಿತೆಂದು ಸುದ್ದಿಯಾಗಿ, ಕಂಪನಿ ಕ್ಷಮೆ ಕೇಳಿ ಆ ಸಾಮಾನು ಇಡಲು ಒಪ್ಪಿತು. 2020ರ ಮಾರ್ಚಿನಲ್ಲಿ ಕೋವಿಡ್ ಮುಚ್ಚುವ ಆದೇಶಗಳ ನಡುವೆಯೂ ಕೆಲವು ರಾಜ್ಯಗಳಲ್ಲಿ ಬಾಗಿಲು ತೆರೆದು, ಅಧಿಕಾರಿಗಳ ನೋಟಿಸ್ ಬಂದ ಮೇಲೆ ಏಪ್ರಿಲ್ ಆರಂಭದಲ್ಲಿ ಎಲ್ಲ ಮುಚ್ಚಿ, ಬಹುಪಾಲು ನೌಕರರನ್ನು ಸಂಬಳವಿಲ್ಲದ ರಜೆಗೆ ಕಳಿಸಿತು. 2021ರಲ್ಲಿ ಇಲಿನಾಯ್ ಮೇಲ್ಮನವಿ ನ್ಯಾಯಾಲಯ, ಟ್ರಾನ್ಸ್‌ಜೆಂಡರ್ ನೌಕರರೊಬ್ಬರಿಗೆ ಮಹಿಳೆಯರ ಶೌಚಾಲಯ ಬಳಸಲು ಬಿಡದಿದ್ದದ್ದು ಆ ರಾಜ್ಯದ ಕಾನೂನಿಗೆ ವಿರುದ್ಧ ಎಂದಿತು. ಇನ್ನೊಂದು ಕಡೆ, ಪೂರ್ಣಾವಧಿ ನೌಕರರ ಕನಿಷ್ಠ ಕೂಲಿಯನ್ನು 2022ರ ಆರಂಭಕ್ಕೆ ಗಂಟೆಗೆ 18.50 ಡಾಲರಿಗೆ ಏರಿಸಿದ್ದೂ ಇದೇ ಕಂಪನಿ. ಆಗ ಫೆಡರಲ್ ಕನಿಷ್ಠ ಕೂಲಿ 7.25.

ನಮ್ಮ ಪ್ರಾಚ್ಯವಸ್ತು ಕಾಯ್ದೆಯೂ ಹಾಬಿ ಲಾಬಿಯ ಮೊದಲ ಅಂಗಡಿಯೂ 1972ರ ಕೂಸುಗಳು, ಬರಿ ಕಾಕತಾಳೀಯ. ನೂರು ವರ್ಷ ದಾಟಿದ ವಿಗ್ರಹ, 75 ವರ್ಷ ದಾಟಿದ ಮಹತ್ವದ ಹಸ್ತಪ್ರತಿ ಖಾಸಗಿಯವರ ಮೂಲಕ ದೇಶ ಬಿಟ್ಟು ಹೋಗುವಂತಿಲ್ಲ. ಹೊರದೇಶದ ಅಂಗಡಿಯಲ್ಲಿ ಹೊಯ್ಸಳ ಕಾಲದ ಶಿಲ್ಪ ಎಂದು ತೋರಿಸಿದರೆ ಕೇಳಬೇಕಾದ ಕಾಗದ ಅದು ಯಾವಾಗ, ಯಾರ ಅನುಮತಿಯಿಂದ ಭಾರತ ಬಿಟ್ಟಿತು ಎಂಬುದರದ್ದು. ಈಗಿನ ಮಾಲೀಕರ ರಸೀದಿ ಅದಕ್ಕೆ ಉತ್ತರವಾಗುವುದಿಲ್ಲ.

2018ರ ಮೇ ತಿಂಗಳಲ್ಲಿ ಸುಮಾರು 3,800 ವಸ್ತುಗಳು ಇರಾಕಿಗೆ ಮರಳಿದವು. 2021ರ ಜನವರಿಯಲ್ಲಿ ಇನ್ನೂ 8,106 ಮಣ್ಣಿನ ವಸ್ತುಗಳು ಇರಾಕಿಗೂ, ಸುಮಾರು 5,000 ಪಪೈರಸ್ ಹಾಳೆ ಮತ್ತಿತರ ವಸ್ತುಗಳು ಈಜಿಪ್ಟಿಗೂ ಹೋದವು. ಮೊದಲ ಕಂತಿನ ಫಲಕಗಳನ್ನು ಓದಿದವರಿಗೆ ಅವುಗಳಲ್ಲಿ ಹಲವು ಇರಿಸಗ್ರಿಗ್ ಎಂಬ ಸುಮೇರಿಯನ್ ಪಟ್ಟಣದವೆಂದು ತಿಳಿಯಿತು. ಕೆಲವು ಸಾಧಾರಣ ಲೆಕ್ಕಪತ್ರಗಳು, ಕೆಲವು ಮಂತ್ರಗಳು. ಶಾಸ್ತ್ರೀಯವಾಗಿ ಅಗೆದಿದ್ದರೆ ಯಾವ ಫಲಕ ಯಾವ ಕೋಣೆಯಲ್ಲಿತ್ತು, ಪಕ್ಕದಲ್ಲಿ ಯಾವ ಮಡಕೆ ಇತ್ತು ಎಂಬುದೂ ದಾಖಲಾಗುತ್ತಿತ್ತು. ಅಗೆದವರು ಕಳ್ಳರಾದ್ದರಿಂದ ಫಲಕಗಳಷ್ಟೇ ಉಳಿದವು, ಆ ಪಟ್ಟಣ ಯಾವ ದಿಬ್ಬದ ಕೆಳಗಿತ್ತು ಎಂದು ವಿದ್ವಾಂಸರು ಇನ್ನೂ ವಾದಿಸುತ್ತಿದ್ದಾರೆ.